ಮೂರನೇ ಕ್ಯಾಮೆರಾದ ಉತ್ತರ

...ನಗಬೇಡ ಎರ್ಕಿನ್! ಕ್ಯಾಮೆರಾ ಹಿಡ್ಕೊಂಡು ನೀನು ನಕ್ಕರೆ ಚಿತ್ರ ಕುಣಿಯುತ್ತೆ, ಇಲ್ಲಿ ವ್ಯಾನಿನಲ್ಲಿ ಕೂತಿರೋ ನನಗೆ ಕಾಣಲ್ವಾ? ತಲಾಸ್ ಬೆಟ್ಟಕ್ಕೆ ಭೂಕಂಪ ಬಂದಹಾಗಿದೆ. ಮೈಕ್ ಕೆಟ್ಟಿದ್ದು ನಿನ್ನ ಪುಣ್ಯ ಅಂದ್ಕೊಂಡಿದೀಯಾ? ಕ್ಯಾಮೆರಾದಲ್ಲೇ ಉತ್ತರ ಕೊಡು. ಮೇಲೆ-ಕೆಳಗೆ ಆಡಿಸಿದ್ರೆ ಹೌದು. ಎಡ-ಬಲ ಅಂದ್ರೆ ಇಲ್ಲ. ಗೊತ್ತಾಯ್ತಾ?... ಆಹಾ, ಜಾಣ! ಮೂರು ವರ್ಷದಲ್ಲಿ ನೀನು ಇಷ್ಟು ಮಾತಾಡಿದ್ದೇ ಇವತ್ತು.

ಅದರಲ್ಲಿ ನಗೋದೇನಿದೆ? ತಾಲೀಮಿನಲ್ಲಿ ನನ್ನ ಗ್ರಾಫಿಕ್ಸ್ ಟೋಪಿ ಬಿತ್ತು, ನಿಜ. ಕುದುರೆ ಆಟದಿಂದ ರೀಪ್ಲೇಗೆ ಹೋಗುವಾಗ ಬಿಳಿ ಕಾಲ್ಪಾಕ್ ಟೋಪಿ ಹಾರಿ ಬಂದು ಪರದೆ ತುಂಬಬೇಕು, ಅದರ ಹಿಂದೆ ಚಿತ್ರ ಬದಲಾಗಬೇಕು, ಟೋಪಿ ಹೊರಟುಹೋಗಬೇಕು. ಚೆನ್ನಾಗೇ ಹೊರಟಿತ್ತು. ಹೋಗಿ ಕುದುರೆಗಳ ಕಾಲ ಬುಡದಲ್ಲಿ, ನೆಲಕ್ಕೆ ಕೂತುಬಿಡ್ತು! ಕೆಂಜೆಬೆಕ್ ಅಣ್ಣನ ಬಾಯಲ್ಲಿದ್ದ ಚಹಾ ಇನ್ನೂ ಒಳಗೆ ಹೋಗಿಲ್ಲ. ನಿರ್ದೇಶಕರಲ್ವಾ, ಕೂಗೋದು ಅವರ ಹಕ್ಕು. “ಬೇಗಿಮಾಯ್, ಗಂಡಸಿನ ತಲೆ ಮೇಲಿರೋದನ್ನ ನೆಲಕ್ಕೆ ಹಾಕ್ತೀಯಾ? ನಮ್ಮಪ್ಪ ಮನೇಲಿ ಟಿವಿ ನೋಡ್ತಿರ್ತಾನೆ!”

ಈಗ ನೋಡು. ಟೋಪಿ ಎಲ್ಲಿ ನಿಲ್ಬೇಕು ಅನ್ನೋ ಕೊನೆಯ ಕೀಫ್ರೇಮ್ ಎತ್ತಿ ಪರದೆಯ ಮೇಲಕ್ಕಿಟ್ಟೆ. ಟೋಪಿ ಆಕಾಶಕ್ಕೇ ಹೋಗ್ಲಿ. ಒತ್ತಿದೆ... ಅಯ್ಯೋ, ತಲೆಕೆಳಗಾಯ್ತು! ಮತ್ತೆ ನಗ್ತೀಯಾ? ತಪ್ಪು ಯಂತ್ರದ್ದು. ಎಲ್ಲಿ ಶುರು, ಎಲ್ಲಿ ಕೊನೆ ಅಂತಷ್ಟೇ ನಾವು ಹೇಳೋದು. ನಡುವಿನ ದಾರಿ ಅದೇ ತುಂಬ್ಕೊಳ್ಳುತ್ತೆ, ತನಗೆ ಸುಲಭ ಕಂಡ ಕಡೆಗೆ ತಿರುಗಿಸುತ್ತೆ. ನಡುವೆ ಇನ್ನೊಂದು ಕೀಫ್ರೇಮ್ ಇಟ್ಟು “ಇಲ್ಲೂ ನೆಟ್ಟಗಿರಪ್ಪಾ” ಅನ್ಬೇಕು. ಇಟ್ಟೆ. ಹೂಂ... ಬಂತು, ತುಂಬ್ತು, ಹೋಯ್ತು. ಅಜ್ಜಂದಿರ ಮರ್ಯಾದೆ ಉಳೀತು.

ನಿಂದೂ ಅದೇ ಕಥೆ ಕಣೋ. ನಮ್ಮ ಮನೆ ಬಾಗಿಲ ತನಕ ಬಿಡೋಕೆ ಬರ್ತೀಯ. “ಚಳಿ ಇದೆ” ಅಂತೀಯ. ಹೋಗ್ತೀಯ. ನಡುವಿಂದೆಲ್ಲ ನಾನೇ ತುಂಬ್ಕೋಬೇಕು... ಯಾಕೆ, ಚಿತ್ರ ಮಸುಕಾಯ್ತಲ್ಲ? ಫೋಕಸ್ ಮಾಡು, ಫೋಕಸ್ ಮಾಡು. ನಾಚಿಕೊಂಡವರ ಚಿತ್ರ ನೇರಪ್ರಸಾರಕ್ಕೆ ತಗೊಳ್ಳಲ್ಲ.

ತಡಿ, ಈ ಹೆಡ್‌ಫೋನ್ ಸ್ವಲ್ಪ ಸಡಿಲ ಮಾಡ್ಕೋತೀನಿ. ಕಿವಿಗೆ ಒತ್ತುತ್ತಿದೆ. ಹೊಸ ಓಲೆ...

ಎರ್ಕಿನ್?

ಯಾಕೆ ಅಲ್ಲಾಡ್ತಿಲ್ಲ? ಓಲೆ ಅಂದೆ, ಅಷ್ಟೆ! ಹೆಂಗಸಾದವಳು ಅಂಗಡಿಗೆ ಹೋಗಿ ಓಲೆ ಕೊಳ್ಳಬಾರದಾ?... ಚಿತ್ರ ಹೆಪ್ಪುಗಟ್ಟಿದೆಯೋ, ನೀನೋ?... ಸರಿ, ಸರಿ! ಕೊಂಡಿದ್ದಲ್ಲ. ನಿನ್ನೆ ಒಂದು ಮನೆಯವರು ಬಂದಿದ್ರು. ಹುಡುಗನ ತಾಯಿ ತನ್ನ ಕೈಯಾರೆ ನನ್ನ ಕಿವಿಗೆ ಹಾಕಿದ್ಲು. ನಮ್ಮಮ್ಮ ಅಳ್ತಾ ಅಳ್ತಾನೇ ಹಿಟ್ಟು ನಾದಿ ಬೋರ್ಸೋಕ್ ಕರಿದ್ಲು. ಹುಡುಗ ಒಳ್ಳೆಯವನಂತೆ. ಮಾತಾಡ್ತಾನಂತೆ, ಬಾಯಿಂದ! ಓಲೆ ಇಟ್ಕೊಂಡ್ರೆ ಚಳಿಗಾಲಕ್ಕೆ ಮುಂಚೆ ಮದುವೆ. ಬಿಚ್ಚಿ ವಾಪಸ್ ಕಳಿಸಿದ್ರೆ ಸಂಬಂಧ ಬೇಡ ಅಂತ. ಭಾನುವಾರದೊಳಗೆ ಹೇಳ್ಬೇಕು.

ನಿನಗೆ ಹೇಳಬಾರದು ಅಂತಲೇ ಇದ್ದೆ. ಟೋಪಿ ವಿಷಯದಲ್ಲೇ ಇವತ್ತು ಮುಗಿಸಿಬಿಡೋಣ ಅಂತ...

ಎಲ್ಲಾದರೂ ನೋಡು ಮಾರಾಯ, ಒಂದೇ ಕಂಬ ನೋಡ್ತಾ ನಿಂತಿದೀಯ! ಕುದುರೆ ಬಿಟ್ರು, ಆಟ ಶುರುವಾಯ್ತು. ಒಂದೇ ಪ್ರಶ್ನೆ ಕೇಳ್ತೀನಿ. ಓಲೆ ಇಟ್ಕೊಳ್ಳಲಾ?

...ಏಯ್, ಒಂದನೇ ಕ್ಯಾಮೆರಾ! ಎರಡು! ನೀವ್ಯಾಕ್ರೋ ಎಡ-ಬಲ ಆಡಿಸ್ತಿದೀರಾ? ನಿಮ್ಮನ್ನ ಕೇಳಿದ್ನಾ? ಅಯ್ಯಯ್ಯೋ, ಈ ಲೈನು ಎಲ್ಲರಿಗೂ ಕೇಳ್ತಿತ್ತಾ?... ಕೆಂಜೆಬೆಕ್ ಅಣ್ಣಾ, ನೀವೂ ತಲೆ ಅಲ್ಲಾಡಿಸ್ತೀರಲ್ಲ!

ಮೂರು. ನೀನು ಹೇಳು.

...

ಎಡಕ್ಕೆ ಹೋದೆ. ಹೂಂ. ಅಲ್ಲಿ ಕುದುರೆಗಳೂ ಎಡಕ್ಕೇ ಓಡ್ತಿವೆ ಎರ್ಕಿನ್, ನಾನೇನಂತ ತಿಳ್ಕೊಳ್ಲಿ? ಬಲಕ್ಕೂ ಬಾ, ಆಗ ತಾನೇ ಇಲ್ಲ ಅಂದಹಾಗೆ... ಕುದುರೆ ಬಿಡು, ಆಟ ಹಾಳಾಗಿ ಹೋಗ್ಲಿ... ಬಲಕ್ಕೆ ಬಾರೋ!