ಮಂಡಕ್ಕಿ ದಿಂಬು, ಹಸಿರು ಪರದೆ

ಅಲ್ಲ, ಕತ್ತರಿಸ್ರಿ, ನಾನೇನು ಬ್ಯಾಡ ಅನ್ನಲ್ಲ, ಆದ್ರೆ ಕತ್ರಿ ಇಡೋಕೆ ಮುಂಚೆ ಆ ಸೀರೆ ಯಾರದು ಅಂತ ಒಂದು ಮಾತು ಕೇಳ್ಕಳ್ರಿ. ಫೋನಿನಾಗೆ ಯಾವಳೋ ಹಳೆ ಸೀರೇಲಿ ಪರದೆ ಹೊಲಿಯೋದು ತೋರಿಸ್ತಾಳೆ, ಖಾಲಿ ಬಾಟ್ಲಿಗೆ ದಾರ ಸುತ್ತಿ ಹೂದಾನಿ ಅಂತಾಳೆ, ನೀವಿಬ್ರೂ ಬಾಯಿ ಬಿಟ್ಕಂಡು ನೋಡ್ತೀರಿ. ಅದನ್ನೆಲ್ಲ ನಾನು ಯಾವಾಗ್ಲೋ ಮಾಡಿ ಮುಗಿಸೀನಿ ಕಣ್ರೇ. ಆಸೆಗಲ್ಲ ಮತ್ತೆ, ಗತಿ ಇಲ್ದೆ. ನಿಮ್ಮಜ್ಜ ಕೆಲ್ಸ ಮಾಡ್ತಿದ್ದ ಬಟ್ಟೆ ಮಿಲ್ಲು ಮುಚ್ಚಿ ಹೋತು. ಬಟ್ಟೆ ಮಿಲ್ಲಿನವರ ಮನ್ಯಾಗೆ ಬಾಗ್ಲಿಗೆ ಒಂದು ಪರದೆ ಇಲ್ಲ, ಹೆಂಗೈತೆ ನೋಡು. ಆಮೇಲೆ ಮಂಡಕ್ಕಿ ಭಟ್ಟಿಗೆ ಸೇರಿದ್ರು. ಬೆಂಕಿ ಮುಂದೆ ನಿಂತು ಮಂಡಕ್ಕಿ ಹುರಿಯೋ ಕೆಲ್ಸ. ಆವಾಗ ಈ ದೇವರಾಜ ಅರಸು ಬಡಾವಣೆ ಎಲ್ಲಿ, ನಾವೆಲ್ಲಿ, ಭಟ್ಟಿ ಹಿಂದೆ ಎರಡು ಖೋಲಿ ಬಾಡಿಗೆ ಮನೆ. ಎರಡು ಅಂದ್ನಾ? ಒಂದೂವರೆ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಸಂಜೆಗೆ ಖಾರ ಮಂಡಕ್ಕಿ, ನೆಂಟ್ರು ಬಂದ್ರೆ ಅದಕ್ಕೇ ಒಂದಿಷ್ಟು ಕೊಬ್ಬರಿ ತುರಿ. ಈಗ ನೀವು ಮಿರ್ಚಿ ಮಂಡಕ್ಕಿ ಅಂತ ಕುಣೀತೀರಿ, ನನಗೆ ಆ ವಾಸ್ನಿ ಬಂದ್ರೆ ಈಗ್ಲೂ ಬಾಡಿಗೆ ಮನೆ ನೆನಪಾಗ್ತೈತೆ.

ಅಂಥಾ ಟೈಮಿನಾಗೆ ನಿಮ್ಮಜ್ಜನ ತಂಗಿ ಗಿರಿಜಾನ್ನ ನೋಡೋಕೆ ಬರ್ತೀವಿ ಅಂತ ಹರಿಹರದ ಆಚೆ ಕೊಕ್ಕನೂರಿಂದ ಹೇಳಿ ಕಳಿಸಿದ್ರು. ಅದಕ್ಕೂ ಮುಂಚೆ ಎರಡು ಕಡೆಯವರು ಬಂದು, ಮನೆ ನೋಡಿ, ಉಪ್ಪಿಟ್ಟು ತಿಂದು, ಹೇಳ್ತೀವಿ ಅಂತ ಹೋದವರು ಏನೂ ಹೇಳ್ಲೇ ಇಲ್ಲ. ಗಿರಿಜಾ ಅತ್ತಿರ್ಲಿಲ್ಲ, ಆದ್ರೆ ಕನ್ನಡಿ ನೋಡೋದು ಬಿಟ್ಟಿದ್ಳು. ನಮ್ಮತ್ತೆ ನನ್ನ ಕರೆದು, 'ನೋಡವ್ವ, ಇದೂ ತಪ್ಪಿ ಹೋದ್ರೆ ಇವಳು ಮತ್ತೆ ಯಾರ ಮುಂದೂ ಕೂಡಲ್ಲ ಅಂದಾಳೆ. ಎಂಟು ದಿನ ಐತೆ. ಮನೀನ ಒಂಚೂರು ಮನೆ ಕಂಡಂಗೆ ಮಾಡು' ಅಂದ್ರು. ಕೈಯಾಗೆ ಏನೂ ಕೊಡ್ಲಿಲ್ಲ, ಬರೀ ಮಾತು.

ಮಾಡ್ದೆ ನೋಡು. ಭಟ್ಟಿಯ ಹರಿದ ಚೀಲ ಬಿಚ್ಚಿ, ಜಡೆ ಹೆಣೆದು, ಸುತ್ತಿ ಹೊಲಿದು ಕಾಲೊರೆಸೋದು ಮಾಡ್ದೆ. ಪ್ಲಾಸ್ಟಿಕ್ ವೈರಿನಾಗೆ ಬುಟ್ಟಿ ಹೆಣೆದೆ. ಮೂರು ಹಣ್ಣಿನ ಪೆಟ್ಟಿಗೆ ಸಾಲಾಗಿ ಇಟ್ಟು ಮ್ಯಾಲೆ ಕೌದಿ ಹಾಸಿದ್ರೆ ದಿವಾನ ಆತು. ಅದಕ್ಕೆ ದಿಂಬು ಬ್ಯಾಡ್ವಾ? ಹತ್ತಿ ಎಲ್ಲಿಂದ ತರ್ಲಿ. ಭಟ್ಟಿಯಾಗೆ ಥಂಡಿ ಹಿಡಿದು ಮೆತ್ತಗಾದ ಮಂಡಕ್ಕಿ ಒಂದು ಚೀಲ ಬಿದ್ದಿತ್ತು, ಯಾರೂ ತಗಳಲ್ಲ. ನಿಮ್ಮಜ್ಜನ ಹತ್ರ ಅದನ್ನ ಹೊರಿಸ್ಕಂಡು ಬಂದೆ. ಬಂದವಳು ಹಂಗೇ ತುಂಬಿ ಬಿಟ್ಟಿದ್ರೆ ಸರಿ ಹೋಗಿರ್ತಿತ್ತು. ನನ್ನ ಜಾಣತನ ಕೇಳು, ಥಂಡಿ ಇದ್ರೆ ವಾಸ್ನಿ ಬರ್ತೈತೆ ಅಂತ ಅಂಗಳದಾಗೆ ಚಾಪೆ ಮ್ಯಾಲೆ ಎರಡು ದಿನ ಒಣ ಹಾಕ್ದೆ. ಬಿಸಿಲು ಬಿದ್ದು ಗರಿಗರಿ ಆತು. ಆ ಗರಿಗರಿ ಮಂಡಕ್ಕೀನೇ ನಾಲ್ಕು ದಿಂಬಿಗೆ ಒತ್ತಿ ಒತ್ತಿ ತುಂಬಿದೆ.

ಉಳಿದಿದ್ದು ಪರದೆ. ಮನ್ಯಾಗೆ ಇದ್ದ ಹಳೆ ಸೀರೆ ಎಲ್ಲಾ ಕೌದಿಗೆ ಹೋಗಿದ್ವು. ಆವಾಗ ಹಳೆ ಬಟ್ಟೆ ತಗಂಡು ಸ್ಟೀಲ್ ಪಾತ್ರೆ ಕೊಡೋ ಹೆಂಗಸು ಒಬ್ಬಳು ಓಣ್ಯಾಗೆ ಬರ್ತಿದ್ಳು, ಹರಿಹರದ ಕಡೆ ಹಳ್ಳಿ ಎಲ್ಲಾ ತಿರುಗಿ, ಬಾತಿ ಊರಿನ ಮ್ಯಾಲೆ ಹಾದು ನಮ್ಮ ಕಡೆ ಬರೋಳು. ಎಲ್ರೂ ಬಟ್ಟೆ ಕೊಟ್ಟು ಪಾತ್ರೆ ತಗಂಡ್ರೆ, ನಾನು ತವರು ಮನೆಯ ಒಂದು ತಪ್ಲೆ ಕೊಟ್ಟು ಬಟ್ಟೆ ತಗಂಡೆ. ಆಕಿ ನನ್ನ ಮಖ ನೋಡಿದ್ಲು. 'ಯಕ್ಕಾ, ಹಿಂಗೆ ಉಲ್ಟಾ ವ್ಯಾಪಾರ ಮಾಡೋರ್ನ ನಾನು ಎಲ್ಲೂ ನೋಡಿಲ್ಲ' ಅಂದ್ಲು. ಮೂಟ್ಯಾಗೆ ಒಂದು ಹಸಿರು ಇಳಕಲ್ ಸೀರೆ ಇತ್ತು, ಕೆಂಪು ಸೆರಗು, ಹಳೇದು, ಆದ್ರೆ ಬಣ್ಣ ಒಂಚೂರೂ ಮಾಸಿರ್ಲಿಲ್ಲ. ಎರಡು ತುಂಡು ಮಾಡಿ, ದಾರ ಪೋಣಿಸೋಕೆ ಮ್ಯಾಲೆ ಮಡಚಿ ಹೊಲಿದು, ಅಡುಗೆಮನೆ ಬಾಗ್ಲಿಗೆ ಕಟ್ಟಿದೆ. ಮನೆ ಅಂದ್ರೆ ಮನೆ ಆತು. ನಮ್ಮತ್ತೆ ಎರಡು ಸಲ ಹೊರಗೆ ಹೋಗಿ ಎರಡು ಸಲ ಒಳಗೆ ಬಂದ್ರು, ನೋಡೋಕೆ.

ಬಂದ್ರು ಅವ್ರು ಭಾನುವಾರ ಮಧ್ಯಾಹ್ನ. ಹುಡುಗ ಕೊಟ್ರೇಶ, ಅವರಮ್ಮ ಗೌರಮ್ಮ, ಅವರಪ್ಪ ರುದ್ರಪ್ಪ. 'ಬರ್ರಿ, ಕೂಡ್ರಿ' ಅಂದ್ವಿ. ರುದ್ರಪ್ಪನೋರು ದಿವಾನದ ಮ್ಯಾಲೆ ದಿಂಬಿಗೆ ಒರಗಿದ್ರು. ಚರಚರ ಚರಕ್ ಅಂತು. ಅವ್ರು ಸಟ್ನೆ ಮುಂದಕ್ಕೆ ಬಂದ್ರು. ಮತ್ತೆ ಮೆಲ್ಲಕೆ ಒರಗಿದ್ರು, ಮತ್ತೆ ಚರಕ್. ಕೇಳಿದ್ರೆ ಏನಂತ ಹೇಳೋದು. ಪಾಪ, ಆ ಮನುಷ್ಯ ಉಸಿರು ಹಿಡ್ಕಂಡು ಕುಂತ್ರು. ಸುಮ್ನೆ ಇರಬೇಕಲ್ಲ ಅಂತ ಜೇಬಿಂದ ಒಂದು ಹೊಸಾ ಸ್ಟೀಲ್ ಎಲೆ ಅಡಿಕೆ ಡಬ್ಬಿ ತೆಗೆದ್ರು, ಫಳಫಳ ಅಂತಿತ್ತು, ಎಲೆ ಹಾಕ್ಕಳ್ರಿ ಅಂತ ನಮ್ಮ ಮಾವನ ಮುಂದೆ ಹಿಡಿದ್ರು. 'ಸ್ನೇಹಿತ್ರು ಕೊಟ್ಟಿದ್ದು' ಅಂದ್ರು.

ಹೆಣ್ಣು ನೋಡೋದು ಅಂದ್ರೆ ಆವಾಗ ಒಂದು ಪದ್ಧತಿ ಇತ್ತು. ಮನ್ಯಾಗೆ ಏನೇನು ಚೆಂದ ಕಾಣ್ತೈತೋ ಅದೆಲ್ಲ ಹುಡುಗಿ ಕೈಲಿ ಮಾಡಿದ್ದು ಅಂತ ಹೇಳ್ಬೇಕು. ಪಕ್ಕದ ಮನೆಯಿಂದ ಇಸ್ಕಂಡು ಬಂದ, ಮಣಿ ಪೋಣಿಸಿದ ಬಾತುಕೋಳಿ ಬೊಂಬೆ ಇದ್ರೂ ಹುಡುಗೀದೇ. ಗೌರಮ್ಮ ಬುಟ್ಟಿ ಎತ್ತಿ ನೋಡಿ, 'ಇದು ಯಾರು ಹೆಣೆದಿದ್ದು?' ಅಂದ್ರು. ನಮ್ಮತ್ತೆ, 'ನಮ್ಮ ಗಿರಿಜಾನೇ ರೀ.' ಕಾಲೊರೆಸೋದು? 'ಗಿರಿಜಾನೇ.' ಕೌದಿ? 'ಅದೂ ಅವಳೇ, ಸುಮ್ನೆ ಕೂಡೋ ಹುಡುಗೀನೇ ಅಲ್ಲ ರೀ.' ಗಿರಿಜಾ ತಲೆ ಬಗ್ಗಿಸಿ ಕುಂತಿದ್ಲು, ಎಲ್ರೂ ನಾಚಿಕೆ ಅನ್ಕಂಡ್ರು. ನಾನು ಪರದೆ ಹಿಂದೆ ಮಿರ್ಚಿ ಕರೀತಾ ಇದ್ದೆ. ನಿಜ ಹೇಳ್ತೀನಿ, ನನಗೆ ಹೊಟ್ಟೆ ಉರೀತು. ಎಂಟು ದಿನ ಸೂಜಿ ಚುಚ್ಚಿ ಚುಚ್ಚಿ ಬೆರಳು ಜರಡಿ ಆಗಿತ್ತು, ಒಂದು ಸಾಮಾನಿಗಾದ್ರೂ ಸೊಸೆ ಹೆಸರು ಹೇಳಬಾರ್ದಾ ಅಂತ.

ಆಮೇಲೆ ಗೌರಮ್ಮ, 'ಪರದೇನೂ?' ಅಂದ್ರು. ನಮ್ಮತ್ತೆ ಹೊಗಳೋ ಜೋರಿನಾಗೆ ಇದ್ರು. 'ಸೀರೆ ಆರಿಸಿದ್ದೂ ಅವಳೇ, ಕತ್ತರಿಸಿದ್ದೂ ಅವಳೇ ರೀ' ಅಂದ್ರು. ಗೌರಮ್ಮ ಎದ್ದು ಬಂದು ಪರದೆ ಅಂಚು ಹಿಡಿದ್ರು. ತಿರುಗಿಸಿ ನೋಡಿದ್ರು. ಒಂದು ಕಡೆ ಕರ್ಪೂರದ ಕಿಡಿ ಬಿದ್ದು ಸುಟ್ಟಿದ್ದಕ್ಕೆ ಕೆಂಪು ದಾರ ಹಾಕಿ ತೂತು ಮುಚ್ಚಿತ್ತು, ಅದನ್ನ ಬೆರಳಿಂದ ಮುಟ್ಟಿದ್ರು. ಮೆಲ್ಲಕೆ ಹೇಳಿದ್ರು, 'ಇದು ನನ್ನ ಸೀರೆ. ನಮ್ಮಮ್ಮ ಉಡಿಸಿದ್ದು. ಈ ತೂತು ಮುಚ್ಚಿದ್ದು ನಾನೇ.'

ದಿವಾನದ ಕಡೆಯಿಂದ ಚರಕ್ ಅಂತ ಬಂತು.

ಬಾಣಲೇಲಿ ಮಿರ್ಚಿ ಕಪ್ಪಾಗ್ತೈತೆ, ತೆಗಿಯೋಕೆ ಗೊತ್ತಾಗ್ತಿಲ್ಲ. ಗೌರಮ್ಮ ಹೇಳ್ತಾರೆ, 'ಪೆಟ್ಟಿಗ್ಯಾಗೆ ಇದ್ದದ್ದು ಕಾಣ್ತಿಲ್ಲ ಅಂತ ಹಿರಿ ಸೊಸಿ ಮ್ಯಾಲೆ ಗುಮಾನಿ ಮಾಡಿ ಮೂರು ತಿಂಗಳಾತು, ಅವಳ ಜತಿಗೆ ಮಾತು ಬಿಟ್ಟೀನಿ. ಏನವ್ವ ಹುಡುಗಿ, ಇದು ನಿನಗೆ ಎಲ್ಲಿ ಸಿಕ್ತು?' ಎಲ್ರೂ ಗಿರಿಜಾನ್ನ ನೋಡಿದ್ರು. ನನಗೆ ಒಂದು ಗಳಿಗೆ, ಬರೀ ಒಂದೇ ಗಳಿಗೆ ಮತ್ತೆ, ಖುಷಿ ಆತು. ಹೇಳು ಈಗ, ಎಲ್ಲಾ ನಿಂದೇ ಅಲ್ವಾ ಅಂತ. ಆ ಖುಷಿಗೆ ಈಗ್ಲೂ ನಾಚಿಕೆ ಆಗ್ತೈತೆ ನನಗೆ.

ಆ ಹುಡುಗಿ ತಲೆ ಎತ್ತಿದ್ಲು. 'ನನಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ ರೀ. ಬುಟ್ಟಿ, ಕೌದಿ, ಪರದೆ ಎಲ್ಲಾ ನಮ್ಮ ಅತ್ತಿಗೆ ಮಾಡಿದ್ದು. ತವರಿನ ತಪ್ಲೆ ಕೊಟ್ಟು ಪಾತ್ರೆಯೋಳ ಹತ್ರ ಈ ಸೀರೆ ತಗಂಡ್ರು, ನನಗೋಸ್ಕರ' ಅಂದ್ಲು. ನಮ್ಮತ್ತೆ ಕಣ್ಣು ಮುಚ್ಚಿಕೊಂಡ್ರು. ನಾನು ಮಿರ್ಚಿ ಮುಂದೆ ನಿಂತು ಅತ್ತುಬಿಟ್ಟೆ. ಹೊಗೆ ಅಂತ ಅನ್ನೋಕೆ ಬರೋ ಹಂಗೆ ಇತ್ತು, ಆದ್ರೆ ಹೊಗೆಗಲ್ಲ. ಮದುವೆ ಆಗಿ ಆ ಮನೆಗೆ ಬಂದ ಮ್ಯಾಲೆ ನಾಲ್ಕು ಜನರ ಮುಂದೆ ಯಾರೂ ಹಂಗೆ ನನ್ನ ಹೆಸರು ಹೇಳಿರ್ಲಿಲ್ಲ.

'ಪಾತ್ರೆಯೋಳಾ?' ಅಂದ್ರು ಗೌರಮ್ಮ. ಮೆಲ್ಲಕೆ ತಿರುಗಿದ್ರು. 'ನಮ್ಮನ್ಯಾಗೆ ಹೊಸಾ ಪಾತ್ರೆ ಯಾವ್ದೂ ಬಂದಿಲ್ಲ.' ಚರಕ್. 'ಆ ಡಬ್ಬಿ ಕೊಟ್ಟ ಸ್ನೇಹಿತ್ರು ಯಾರು?' ಚರಚರ ಚರಕ್. 'ಅಲ್ಲ ಕಣೆ, ಪೆಟ್ಟಿಗೆ ತಳದಾಗೆ ಇತ್ತಲ್ಲ ಸೀರೆ, ಹಳೇದು ಅನ್ಕಂಡೆ...' ಅಂತ ರುದ್ರಪ್ಪನೋರು ಎದ್ದು ನಿಂತ್ರು. ಅಷ್ಟೊತ್ತೂ ಬೆವರಿದ ಕೈಲಿ ದಿಂಬಿನ ಹೊಲಿಗೆ ಎಳೀತಾ ಕುಂತಿದ್ರಂತೆ. ಅದು ಬಾಯಿ ಬಿಡ್ತು. ಸುರ್ ಅಂತ ಮಂಡಕ್ಕಿ ಎಲ್ಲಾ ಅವರ ಪಂಚೆ ಮ್ಯಾಲೆ, ಬಾಗ್ಲ ಹತ್ರ ಬಿಟ್ಟಿದ್ದ ಚಪ್ಪಲಿ ಒಳಗೆ, ದಿವಾನದ ಕೆಳಗೆ. ನಮ್ಮ ಮಾವ ಒಬ್ರು, ಕಿವಿ ಮಂದ, ಏನಾತು ಅಂತ ಗೊತ್ತಿಲ್ಲ, 'ತಿನ್ರಿ, ಸಂಕೋಚ ಬ್ಯಾಡ' ಅಂದ್ರು.

ಮೊದಲು ನಕ್ಕಿದ್ದು ಗೌರಮ್ಮನೇ. ನಕ್ಕು ನಕ್ಕು ಸೀರೆ ಸೆರಗಿಂದ, ಅಂದ್ರೆ ಪರದೆ ಸೆರಗಿಂದ, ಕಣ್ಣು ಒರೆಸಿಕೊಂಡ್ರು. ಆಮೇಲೆ ಗಿರಿಜಾನ್ನ ಕೇಳಿದ್ರು, 'ಹಂಗಾದ್ರೆ ನಿನಗೆ ಏನು ಬರ್ತೈತೆ?' ಇವಳು, 'ಮಂಡಕ್ಕಿ ಒಗ್ಗರಣೆ ಹಾಕ್ತೀನಿ ರೀ. ಅದಕ್ಕೂ ಉಪ್ಪು ಜಾಸ್ತಿ ಆಗ್ತೈತೆ.' ಅಲ್ಲೀ ತನಕ ಬಾಯಿ ಬಿಡದ ಕೊಟ್ರೇಶ, 'ನನಗೆ ಗುಂಡಿ ಹಚ್ಚೋಕೆ ಬರ್ತೈತೆ, ನಾನೇ ಹಚ್ಕಂತೀನಿ' ಅಂದ. ಗೌರಮ್ಮ ಹೇಳಿದ್ರು, 'ಸುಳ್ಳು ಹೇಳೋಕೆ ನಮ್ಮನ್ಯಾಗೆ ಈಗಾಗ್ಲೇ ಒಬ್ರು ಅದಾರೆ. ಇದ್ದದ್ದು ಇದ್ದಂಗೆ ಹೇಳೋ ಹುಡುಗಿ ನನಗೆ ಬೇಕು.' ಗಂಡನ ಡಬ್ಬಿ ಕಿತ್ಕಂಡು ತಮ್ಮ ಸೆರಗಿನಾಗೆ ಕಟ್ಕಂಡ್ರು. ಅವತ್ತೇ ಊರಿಗೆ ಹೋಗಿ ಅದನ್ನ ಹಿರಿ ಸೊಸಿ ಕೈಯಾಗೆ ಇಟ್ಟು, ತಪ್ಪಾತವ್ವ ಅಂದ್ರಂತೆ.

ಪರದೆ ಬಿಚ್ಚಿ, ಎರಡೂ ತುಂಡು ಕೂಡಿಸಿ ನಾನೇ ಹೊಲಿದು ಕೊಟ್ಟೆ. ಮದುವೇಲಿ ಅದನ್ನೇ ಉಟ್ಟಿದ್ರು, ಸೊಂಟದ ಹತ್ರ ದೊಡ್ಡ ಹೊಲಿಗೆ, ದಾರ ಪೋಣಿಸೋ ಮಡಿಕೆ ಒಂದು ಕಡೆ ಹಂಗೇ ಉಳಿದಿತ್ತು. ಕೇಳಿದವರಿಗೆಲ್ಲ, 'ಬೀಗ್ತಿ ಹೊಲಿದಿದ್ದು, ನೋಡ್ರಿ' ಅಂತ ನನ್ನ ಕೈ ಹಿಡಿದು ಎಳಕೊಂಡು ಬಂದು ತೋರಿಸ್ತಿದ್ರು. ಅದಕ್ಕೆ ಹೇಳೋದು, ಯಾರು ಮಾಡಿರ್ತಾರೋ ಅವರ ಹೆಸರು ಹೇಳ್ರಿ. ಅಡುಗೆ ಚೆಂದ ಐತೆ ಅಂದ್ರೆ ನಿಮ್ಮಮ್ಮನ ಹೆಸರು ಹೇಳ್ರಿ, ಹೋಟ್ಲಿಂದ ತಂದಿದ್ರೆ ಹೋಟ್ಲು ಅನ್ರಿ. ಬಾಯಿ ಏನೂ ಸವೆದು ಹೋಗಲ್ಲ.