ಗುರಪ್ಪನಿಗೆ ಸಿಕ್ಕ ಪಾರ್ಟು

ಎಪ್ಪತ್ತೊಂಬತ್ತರ ಒಂದು ಸಂಜೆ ಕುಳಗೇರಿ ಕ್ರಾಸ್‌ನಲ್ಲಿ ಬಾದಾಮಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಟ್ಟೆಯ ಮೇಲೆ ನಡುವಯಸ್ಸಿನ ಇಬ್ಬರು ಗೆಳೆಯರು ಕೂತಿದ್ದರು.

“ಬಾದಾಮ್ಯಾಗ ಡೇರೆ ಹಾಕಿದ ನಾಟಕ ಕಂಪನಿ ಬಿಟ್ಟು ಖಳನಾಯಕ ಓಡಿಹೋದ. ಅವನ ಪಾರ್ಟು ಬೇವೂರ ಗುರಪ್ಪಗ ಕೊಟ್ಟಾರ.”

“ಅದಕ್ಕ ನೀ ಯಾಕ ಉರಕೊಳ್ತಿ, ಹೊಳಬಸಪ್ಪ?”

“ನಾ ಮೀಸಿ ಬಂದಾಗಿಂದ ಆ ನಾಟಕ ನೋಡಾಕತ್ತೇನಿ. ಎಲ್ಲಾರ ಮಾತೂ ಬಾಯಿಪಾಠ ಅದಾವ. ಅಂವ ಡೇರೆದಾಗ ಕಾಲಿಟ್ಟಿದ್ದು ಮೊನ್ನೆ.”

“ಮಾಲಕರನ್ನ ಕೇಳಬೇಕಿತ್ತು.”

“ಕೇಳಿದೆ. ‘ದಿನಾ ಬರಾವ್ರು ಈಗ ನೀವೊಬ್ರ. ನೀವೂ ಸ್ಟೇಜ್ ಹತ್ತಿದ್ರ ಕೆಳಗ ಕೂತು ನೋಡಾವ್ರು ಯಾರ್ರಿ’ ಅಂದ್ರು.”

“ಹಂಗಾರ ಇವತ್ತ ಹೋಗಬ್ಯಾಡ.”

ಬಸ್ಸು ಬಂತು.

“ಹೋಗದಿದ್ರ ಹೆಂಗ? ಗುರಪ್ಪ ಎಲ್ಲೆಲ್ಲಿ ಮಾತು ಮರೀತಾನ ಅಂತ ಯಾರು ನೋಡಬೇಕು?” ಎನ್ನುತ್ತ ಹೊಳಬಸಪ್ಪ ಎಲ್ಲರಿಗಿಂತ ಮುಂಚೆ ಹತ್ತಿದ.