ಶನಿವಾರದ ಕರಿನಾಯಿ

ದಾನ ಮಾಡಿದೆವು, ಧರ್ಮ ಮಾಡಿದೆವು ಅಂತ ಹೇಳಿಕೊಂಡು ತಿರುಗುತ್ತೇವಲ್ಲ, ಆ ಮಾತಿಗೆ ಇಲ್ಲೊಂದು ಕತೆ ಹೇಳಿಬಿಡುತ್ತೇನೆ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಕತೆ ಸುಖವಾಗಿಲ್ಲ, ಮೊದಲೇ ಹೇಳಿರುತ್ತೇನೆ.

ಒಬ್ಬ ಸಾಹುಕಾರ ಇದ್ದ. ಯಾವ ಊರು ಅಂತ ಕೇಳಬೇಡಿ, ನಿಮ್ಮ ಪಕ್ಕದ ಬೀದಿ ಅಂತಲೇ ಇಟ್ಟುಕೊಳ್ಳಿ. ಎಣ್ಣೆ ಗಿರಣಿ, ಮಹಡಿ ಮನೆ, ಎತ್ತರದ ಗೇಟು. ಮಗಳ ಮದುವೆ ಮಾತ್ರ ಗೊತ್ತಾಗುವುದು, ಮುರಿದುಹೋಗುವುದು. ಜೋಯಿಸರು ಜಾತಕ ನೋಡಿದರು. "ಶನಿಕಾಟ ಸ್ವಾಮಿ. ಪ್ರತಿ ಶನಿವಾರ ಮಡಿಯಲ್ಲಿ ಕರಿನಾಯಿಗೆ ಎಳ್ಳೆಣ್ಣೆ ಸವರಿದ ರೊಟ್ಟಿ ಹಾಕಿ. ವ್ರತ ಮುಗಿಯೋತನಕ ಅದೇ ನಾಯಿಗೆ ಹಾಕ್ಬೇಕು, ಬದಲಾಯಿಸ್ಬಾರ್ದು" ಅಂದರು.

ಬೀದಿಯಲ್ಲಿ ಒಂದು ಕರಿನಾಯಿ ಇತ್ತು. ಸಾಹುಕಾರ ಶನಿವಾರ ಬೆಳಿಗ್ಗೆ ಒದ್ದೆ ಪಂಚೆಯಲ್ಲಿ ಗೇಟಿನಾಚೆ ಬಂದು, ಕಲ್ಲಿನ ಮೇಲೆ ರೊಟ್ಟಿ ಇಟ್ಟು ಕೈಮುಗಿಯುತ್ತಿದ್ದ. ಆ ನಾಯಿಗೊಂದು ಅಭ್ಯಾಸ ನೋಡಿ. ರೊಟ್ಟಿ ತಿಂದಾದ ಮೇಲೆ ಹತ್ತಿರ ಬಂದು, ಮುಂಗಾಲನ್ನು ಅವನ ಪಾದದ ಮೇಲಿಟ್ಟು ಸುಮ್ಮನೆ ಕೂತುಬಿಡುತ್ತಿತ್ತು. ಮಡಿ ಕೆಟ್ಟಿತು ಅಂತ ಅವನು ಗೊಣಗಿಕೊಂಡು ಹೋಗಿ ಮತ್ತೆ ಸ್ನಾನ ಮಾಡುತ್ತಿದ್ದ.

ಮಳೆಗಾಲದಲ್ಲಿ ಸಾಹುಕಾರನಿಗೆ ಕಾಮಾಲೆ ಆಯಿತು. ಹಾಸಿಗೆ ಹಿಡಿದ, ವ್ರತ ತಿಂಗಳುಗಟ್ಟಲೆ ನಿಂತಿತು. ಅವನಿಗೆ ಗಂಜಿ ಇತ್ತು, ಡಾಕ್ಟರು ಇದ್ದರು, ಕಂಬಳಿ ಹೊದಿಸುವ ಹೆಂಡತಿ ಇದ್ದಳು. ನಾಯಿಗೆ ಏನಿತ್ತು? ಮಳೆ ಇತ್ತು.

ಎದ್ದು ಓಡಾಡುವಂತಾದ ಮೊದಲ ಶನಿವಾರ ಅವನು ರೊಟ್ಟಿ ಹಿಡಿದು ಗೇಟು ತೆಗೆದ. ಕರಿನಾಯಿ ಇಲ್ಲ. ಅಲ್ಲಿ ನಿಂತಿದ್ದದ್ದು ಒಂದು ಕಜ್ಜಿನಾಯಿ. ಮೈಮೇಲೆ ಕೂದಲಿಲ್ಲ, ಚರ್ಮವೆಲ್ಲ ಬೂದಿ ಬಣ್ಣಕ್ಕೆ ತಿರುಗಿ ಬಿರಿದಿದೆ, ನೊಣ ಮುತ್ತಿವೆ. ಬಾಲ ಅಲ್ಲಾಡಿಸುತ್ತ ಹತ್ತಿರ ಬಂತು. ಅವನು ಹಚಾ ಹಚಾ ಅಂತ ಓಡಿಸಿದ. ನಿಮಗೆ ಗೊತ್ತಾಯಿತಲ್ಲ? ನಿಮಗೆ ಗೊತ್ತಾಯಿತು, ಅವನಿಗೆ ಗೊತ್ತಾಗಲಿಲ್ಲ.

ಅದೇ ಬೀದಿಗೆ ಹೊಸದಾಗಿ ಬಂದ ಒಬ್ಬ ಟೀಚರಮ್ಮ ಇದ್ದರು. ಶಾಲೆ ಬಿಟ್ಟ ಮೇಲೆ ಗಾಯವಾದ, ಕಾಯಿಲೆಯಾದ ಬೀದಿನಾಯಿಗಳನ್ನು ಹುಡುಕಿಕೊಂಡು ಹೋಗಿ ಔಷಧಿ ಹಚ್ಚುತ್ತಿದ್ದರು. ಅವರು ಗೇಟು ತಟ್ಟಿದರು. "ಸಾಹುಕಾರ್ರೆ, ಈ ನಾಯಿ ಯಾರ ಕೈಗೂ ಸಿಗ್ತಿಲ್ಲ. ನಿಮ್ಮ ಗೇಟು ಬಿಟ್ಟು ಎಲ್ಲೂ ನಿಲ್ಲಲ್ಲ, ಯಾಕೋ ಗೊತ್ತಿಲ್ಲ. ನೀವೊಂದಿಷ್ಟು ಹೊತ್ತು ಹಿಡ್ಕೊಂಡ್ರೆ ನಾನು ಔಷಧಿ ಹಚ್ತೀನಿ."

"ನಾನು ವ್ರತದಲ್ಲಿದೀನಮ್ಮ, ಅದನ್ನೆಲ್ಲ ಮುಟ್ಟೋಕಾಗಲ್ಲ. ಔಷಧಿಗೆ ದುಡ್ಡು ಬೇಕಾದ್ರೆ ಕೊಡ್ತೀನಿ."

"ಔಷಧಿ ಇದೆ. ಹಿಡಿಯೋ ಕೈ ಇಲ್ಲ."

ಸಾಹುಕಾರ ಗೇಟು ಹಾಕಿಕೊಂಡ. ಮುಂದಿನ ಶನಿವಾರವೂ ಅದೇ ನಾಯಿ ಬಂತು, ಅದರ ಮುಂದಿನ ಶನಿವಾರವೂ ಬಂತು. ಈ ಪೀಡೆ ಇಲ್ಲಿ ಕೂತರೆ ನನ್ನ ಕರಿನಾಯಿ ಹೇಗೆ ಬಂದೀತು ಅಂತ ಅವನಿಗೆ ಸಿಟ್ಟು ನೆತ್ತಿಗೇರಿತು. ಗೇಟಿಗೆ ಅಡ್ಡ ಹಾಕುವ ಕಬ್ಬಿಣದ ಪಟ್ಟಿ ಕೈಗೆ ಸಿಕ್ಕಿತು. ಬೀಸಿದ. ನಾಯಿ ಕೂಗಿತು. ಆಮೇಲೆ ಸೊಂಟ ಎಳೆದುಕೊಂಡು ಚರಂಡಿ ಪಕ್ಕದಲ್ಲಿ ಹೋಯಿತು. ಅವನು ಕೈತೊಳೆದು, ರೊಟ್ಟಿ ಹಿಡಿದು, ಕರಿನಾಯಿಗಾಗಿ ಕಾಯುತ್ತ ನಿಂತ. ಯೋಚನೆ ಮಾಡಿ, ಕಾಯುತ್ತ ನಿಂತ.

ಕರಿನಾಯಿ ಬರಲಿಲ್ಲ. ವ್ರತಭಂಗವಾದರೆ ಮಗಳ ಗತಿಯೇನು ಅಂತ ಅವನಿಗೆ ನಿದ್ದೆ ಹತ್ತದಾಯಿತು. ವಾರಗಟ್ಟಲೆ ಊರೆಲ್ಲ ಹುಡುಕಿಸಿದ. ಕೊನೆಗೆ ಗಿರಣಿಯ ಆಳು ಬಂದು ಹೇಳಿದ: "ಟೀಚರಮ್ಮನ ಮನೇಲಿ ಒಂದು ಕರಿನಾಯಿ ಐತಂತೆ ಧಣಿ."

ಆ ಶನಿವಾರ ರೊಟ್ಟಿ ಹಿಡಿದು ಓಡಿದ. ಹಿತ್ತಿಲಲ್ಲಿ ಗೋಣಿಚೀಲದ ಮೇಲೆ ಒಂದು ನಾಯಿ ಮಲಗಿತ್ತು. ಕಜ್ಜಿ ಒಣಗಿ, ಕುತ್ತಿಗೆಯ ಮೇಲೆ, ಬೆನ್ನ ಮೇಲೆ ಹೊಸ ಕೂದಲು ಬರುತ್ತಿತ್ತು. ಕಪ್ಪು ಕೂದಲು. ಹಿಂಗಾಲು ಎರಡೂ ಸತ್ತಿದ್ದವು. ಮಲಗಿದಲ್ಲೇ ಮಲಗಿ ಸೊಂಟದ ಹತ್ತಿರ ಹುಣ್ಣು ಒಳಗಿಳಿದಿತ್ತು.

"ಕಪ್ಪು ಬಣ್ಣ ಅಂತ ನಂಗೂ ಈಗೀಗ ಗೊತ್ತಾಯ್ತು" ಅಂದರು ಟೀಚರಮ್ಮ. "ಕಜ್ಜಿ ವಾಸಿಯಾಯ್ತು. ಸೊಂಟದ ಏಟು ಮಾತ್ರ ವಾಸಿಯಾಗಲಿಲ್ಲ. ಇವತ್ತು ಕಳೆದ್ರೆ ಹೆಚ್ಚು."

ಸಾಹುಕಾರ ಪಂಚೆ ಎತ್ತಿ ಕಟ್ಟಿದ. "ಔಷಧಿ ಹಚ್ಚಿ ಅಮ್ಮ. ನಾನು ಹಿಡ್ಕೋತೀನಿ."

"ಈಗ ಹಿಡ್ಕೊಳ್ಳೋದು ಬೇಕಾಗಿಲ್ಲ. ಅದೆಲ್ಲಿಗೂ ಓಡಲ್ಲ."

ಅವನು ಕುಕ್ಕರುಗಾಲಲ್ಲಿ ಕೂತು ರೊಟ್ಟಿ ಮುರಿದು ಬಾಯಿಗೆ ಹಿಡಿದ. ನಾಯಿ ಮೂಸಿತು, ತಿನ್ನಲಿಲ್ಲ. ನಿಧಾನವಾಗಿ ಮುಂಗಾಲು ಚಾಚಿ ಅವನ ಬರಿಗಾಲಿನ ಮೇಲಿಟ್ಟಿತು. ಹೊಡೆದವನು ಇವನೇ ಅಂತ ಅದಕ್ಕೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಕಣಪ್ಪ. ಗೊತ್ತಿದ್ದೇ ಇಟ್ಟಿತು. ಮಧ್ಯಾಹ್ನದ ಹೊತ್ತಿಗೆ ಆ ಕಾಲು ತಣ್ಣಗಾಯಿತು, ಅವನು ಅಲ್ಲಿಯತನಕ ಪಾದ ಕದಲಿಸಲಿಲ್ಲ.

ಮಗಳ ಮದುವೆ ಆಯಿತೇ ಅಂತ ಕೇಳಬೇಕು ಅನ್ನಿಸುತ್ತಿದೆ ಅಲ್ಲವೇ? ಕತೆ ಅಲ್ಲಿಗೆ ಹೋಗುವುದಿಲ್ಲ. ಕತೆ ನಿಮ್ಮ ಗೇಟಿಗೆ ಬರುತ್ತದೆ. ನೀವೂ ಅನ್ನ ಹಾಕುತ್ತೀರಿ, ಒಳ್ಳೆಯದು. ಅನ್ನ ತಿನ್ನುವ ನಾಯಿಯ ಮುಖ ನೋಡಿದ್ದೀರಾ? ಅದು ಕುಂಟಿದರೆ, ಮೈ ಕೆರೆದುಕೊಂಡರೆ ನಿಮಗೆ ಗೊತ್ತಾಗುತ್ತದೆಯೇ? ನಿಮ್ಮ ಬೀದಿಯಲ್ಲೂ ಔಷಧಿ ಹಿಡಿದು ಅಲೆಯುವ ಒಬ್ಬ ಹೆಂಗಸೋ, ಹುಡುಗನೋ ಇದ್ದೇ ಇರುತ್ತಾರೆ. ಹುಚ್ಚರು ಅಂತ ನಗಬೇಡಿ. ವಾರಕ್ಕೊಂದು ಸಂಜೆ ಅವರ ಜೊತೆ ಹೋಗಿ. ಹಳೆ ಟವೆಲ್ ಒಂದು ತೆಗೆದುಕೊಂಡು ಹೋಗಿ, ಅವರು ಹೇಳಿಕೊಟ್ಟ ಹಾಗೆ ಹಿಡಿದುಕೊಳ್ಳಿ. ಯಾರೂ ಇಲ್ಲದಿದ್ದರೆ ಪಶು ಆಸ್ಪತ್ರೆಗೆ ನೀವೇ ಫೋನ್ ಮಾಡಿ. ಆಮೇಲೆ ಕೈ ತೊಳೆದುಕೊಳ್ಳಿ, ಸೋಪು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ.

ಈಗ ಮನೆಗೆ ಹೋಗುತ್ತೀರಲ್ಲ, ಗೇಟಿನ ಹತ್ತಿರ ಯಾವುದಾದರೂ ನಾಯಿ ಮಲಗಿದ್ದರೆ ಗದರಿಸುವ ಮೊದಲು ಒಂದು ಸಲ ಬಗ್ಗಿ ನೋಡಿ. ನಿಮ್ಮನ್ನು ಕಾಯುತ್ತ ಎಷ್ಟು ಹೊತ್ತಿನಿಂದ ಅಲ್ಲಿದೆಯೋ.